ತೂಕ ಇಳಿಯಿತು, ಮುಟ್ಟೂ ನಿಂತಿತು

ಮುಟ್ಟು ತಪ್ಪಿದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ‘ಏನಾದ್ರೂ ವಿಶೇಷನಾ?’ ಎಂಬುದು. ಮದುವೆಯಾಗದವಳಾದರೆ ಅದೇ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಕಣ್ಣಲ್ಲೇ ಕೇಳುತ್ತಾರೆ. ಅದಲ್ಲ ಎಂದು ಖಚಿತವಾದ ಮೇಲೆ ಬರುವುದು ಪಿಸಿಒಡಿ. ಸ್ಕ್ಯಾನ್ ಆಗುತ್ತದೆ, ಥೈರಾಯ್ಡ್ ಪರೀಕ್ಷೆ ಆಗುತ್ತದೆ, ಮಾತ್ರೆ ಬರೆಯಲಾಗುತ್ತದೆ. ಇಷ್ಟರ ನಡುವೆ ಹೆಚ್ಚಾಗಿ ಯಾರೂ ಕೇಳದೆ ಉಳಿಯುವ ಮಾತು ಒಂದಿದೆ: ಈಚೆಗೆ ನೀನು ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ?

ಕೇಳದಿರುವುದಕ್ಕೆ ಕಾರಣವೂ ಇದೆ. ತೂಕ ಇಳಿಸಿದವಳು ನಮ್ಮ ಕಣ್ಣಿಗೆ ರೋಗಿಯಾಗಿ ಕಾಣುವುದಿಲ್ಲ, ಗೆದ್ದವಳಾಗಿ ಕಾಣುತ್ತಾಳೆ. ‘ಏನ್ ಮಾಡ್ದೆ ಪುಟ್ಟಿ, ಇಷ್ಟು ಸಣ್ಣಗಾಗಿದ್ದೀಯ, ನನಗೂ ಹೇಳೇ’ ಎಂದು ಚಿಕ್ಕಮ್ಮಂದಿರು ಮದುವೆ ಮನೆಯಲ್ಲಿ ಮುತ್ತಿಕೊಳ್ಳುತ್ತಾರೆ. ಮೊದಲು ರಾತ್ರಿಯ ಅನ್ನ ಬಿಟ್ಟದ್ದು, ಆಮೇಲೆ ಮಧ್ಯಾಹ್ನದ್ದನ್ನೂ ಬಿಟ್ಟದ್ದು, ಬೆಳಗಿನ ತಿಂಡಿಯ ಜಾಗಕ್ಕೆ ಬ್ಲ್ಯಾಕ್ ಕಾಫಿ ಬಂದದ್ದು, ಕೈಗಡಿಯಾರ ಹತ್ತು ಸಾವಿರ ಹೆಜ್ಜೆ ತೋರಿಸದೆ ಮಲಗದ್ದು ಎಲ್ಲವನ್ನೂ ಅವಳು ಹೇಳುತ್ತಾಳೆ. ಮೂರು ತಿಂಗಳಿಂದ ಡೇಟ್ ಆಗಿಲ್ಲ ಎಂಬುದನ್ನು ಹೇಳುವುದಿಲ್ಲ. ಎಷ್ಟೋ ಸಲ ಅವಳಿಗೇ ಅದೊಂದು ಆರಾಮ: ಹೊಟ್ಟೆನೋವಿಲ್ಲ, ಪ್ಯಾಡ್ ಇಲ್ಲ, ಪೂಜೆಯ ದಿನ ದೂರ ಕೂರುವ ತಾಪತ್ರಯವಿಲ್ಲ.

ಹೀಗೆ ಊಟ ಸಾಲದೆ ಮುಟ್ಟು ನಿಲ್ಲುವುದಕ್ಕೆ ವೈದ್ಯರ ಪುಸ್ತಕದಲ್ಲಿ ಫಂಕ್ಷನಲ್ ಹೈಪೊಥಲಾಮಿಕ್ ಅಮೆನೋರಿಯಾ ಎಂಬ ಉದ್ದನೆಯ ಹೆಸರಿದೆ. ಅಂಡಾಶಯ ಕೆಟ್ಟಿಲ್ಲ, ಗರ್ಭಕೋಶವೂ ಕೆಟ್ಟಿಲ್ಲ. ಅವಕ್ಕೆ ಅಪ್ಪಣೆ ಹೊರಡುವ ಮಿದುಳಿನ ಹೈಪೊಥಲಾಮಸ್ ಸದ್ಯಕ್ಕೆ ಅಪ್ಪಣೆ ಕೊಡುವುದನ್ನು ನಿಲ್ಲಿಸಿದೆ, ಅಷ್ಟೆ. ಅಲ್ಲಿನ ನರಕೋಶಗಳು ಜಿಎನ್‌ಆರ್‌ಎಚ್ ಎಂಬ ಚೋದಕವನ್ನು ಸುಮಾರು ಒಂದು, ಒಂದೂವರೆ ಗಂಟೆಗೊಮ್ಮೆ ಸಣ್ಣ ಸಣ್ಣ ಮಿಡಿತಗಳಾಗಿ ಹೊರಬಿಡುತ್ತವೆ. ಪ್ರತಿ ಮಿಡಿತಕ್ಕೂ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಇನ್ನೆರಡು ಚೋದಕಗಳನ್ನು ರಕ್ತಕ್ಕೆ ಸುರಿಸುತ್ತದೆ. ಅವು ಅಂಡಾಶಯವನ್ನು ಎಬ್ಬಿಸುತ್ತವೆ, ಅಂಡಾಶಯ ಈಸ್ಟ್ರೊಜೆನ್ ತಯಾರಿಸುತ್ತದೆ, ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾಗಿ ಗರ್ಭ ನಿಲ್ಲದಿದ್ದರೆ ಎರಡು ವಾರದ ಮೇಲೆ ಆ ಪದರ ಕಳಚಿ ಹೊರಬರುತ್ತದೆ. ನಾವು ಲೆಕ್ಕ ಇಡುವುದು ಈ ಕೊನೆಯ ಘಟ್ಟವನ್ನು ಮಾತ್ರ.

ಇದರಲ್ಲಿ ಪ್ರಮಾಣಕ್ಕಿಂತ ಲಯ ದೊಡ್ಡದು ಎಂಬುದು 1970ರ ದಶಕದ ಕೊನೆಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎರ್ನ್ಸ್ಟ್ ನೋಬಿಲ್ ಅವರ ತಂಡ ಕೋತಿಗಳ ಮೇಲೆ ನಡೆಸಿದ ಪ್ರಯೋಗದಿಂದ ಗೊತ್ತಾಯಿತು. ಜಿಎನ್‌ಆರ್‌ಎಚ್ ಅನ್ನು ಗಂಟೆಗೊಮ್ಮೆ ಮಿಡಿತವಾಗಿ ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡಿತು. ಅದನ್ನೇ ಎಡೆಬಿಡದೆ ಹರಿಸಿದಾಗ ಸುಮ್ಮನಾಯಿತು. ಊಟ ಕಡಿಮೆಯಾದವರಲ್ಲಿ ತಪ್ಪುವುದು ಈ ಲಯವೇ. ಮಿಡಿತಗಳು ದೂರ ದೂರವಾಗುತ್ತವೆ, ಕೆಳಗಿನ ಸಾಲೆಲ್ಲ ಒಂದೊಂದಾಗಿ ಮಲಗುತ್ತದೆ.

ಹೊಟ್ಟೆಯ ಸಮಾಚಾರ ಮಿದುಳಿಗೆ ಮುಟ್ಟುವುದು ಹೇಗೆ? ಇದಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಎಂಬ ಚೋದಕವನ್ನು ಕಂಡುಹಿಡಿಯಿತು. ಅದನ್ನು ತಯಾರಿಸುವುದು ನಾವು ಶತ್ರುವೆಂದು ಬಗೆದಿರುವ ಕೊಬ್ಬಿನ ಕೋಶಗಳು. ಮನೆಯಲ್ಲಿ ದಾಸ್ತಾನು ಎಷ್ಟಿದೆ ಎಂಬ ವರದಿಯನ್ನು ಅವು ಮಿದುಳಿಗೆ ಕಳಿಸುತ್ತಿರುತ್ತವೆ. ಇದರಲ್ಲೊಂದು ಸ್ವಾರಸ್ಯವಿದೆ. ಊಟ ಇಳಿಸಿದ ಕೆಲವೇ ದಿನಗಳಲ್ಲಿ, ಕೊಬ್ಬು ಇನ್ನೂ ಹೇಳಿಕೊಳ್ಳುವಷ್ಟು ಕರಗಿರದಿದ್ದರೂ, ಲೆಪ್ಟಿನ್ ಸರ್ರನೆ ಕುಸಿಯುತ್ತದೆ. ಹಾಗಾಗಿ ದಾಸ್ತಾನಿನ ಜೊತೆಗೆ ಇವತ್ತಿನ ವರಮಾನವನ್ನೂ ಅದು ವರದಿ ಮಾಡುತ್ತದೆ ಎನ್ನಬೇಕು. ಸಂಬಳ ಅರ್ಧಕ್ಕಿಳಿದ ಮನೆಯಲ್ಲಿ ಬಾಡಿಗೆ, ಹಾಲು, ಕರೆಂಟು ಬಿಲ್ಲು ಹೇಗೋ ನಡೆಯುತ್ತವೆ, ಹಬ್ಬದ ಸೀರೆ ಮೊದಲು ನಿಲ್ಲುತ್ತದೆ. ದೇಹದ ಲೆಕ್ಕದಲ್ಲಿ ಬಸಿರು ಅಂಥ ಹಬ್ಬ. ಒಂದು ಜೀವವನ್ನು ಹೊತ್ತು, ಹೆತ್ತು, ಹಾಲೂಡಿಸುವ ಖರ್ಚಿಗೆ ಕೈಯಲ್ಲಿ ಕಾಸಿಲ್ಲ ಎಂದು ಕಂಡರೆ ಅದು ಆ ಬಾಗಿಲನ್ನೇ ಮುಚ್ಚುತ್ತದೆ.

ಇದು ಜಿಮ್ಮುಗಳ ಕಾಲದ ಕಾಯಿಲೆಯಲ್ಲ. ಬರಗಾಲದಷ್ಟೇ ಹಳೆಯದು. 1876–78ರಲ್ಲಿ, ಧಾತು–ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಪಾಲು ಜನರನ್ನು ನುಂಗಿದ ಬರ ಪಕ್ಕದ ಮದ್ರಾಸ್ ಪ್ರಾಂತ್ಯವನ್ನೂ ಹುರಿದಿತ್ತು. ಅಲ್ಲಿನ ಜನನ–ಮರಣ ದಾಖಲೆಗಳನ್ನು ನೋಡಿದ ಟಿಮ್ ಡೈಸನ್ ಅವರಂಥ ಜನಸಂಖ್ಯಾ ತಜ್ಞರು ಸಾವು ಏರಿದ್ದರ ಜೊತೆಗೆ ಬಸಿರಾಗುವುದೇ ಕುಸಿದದ್ದನ್ನೂ ಗುರುತಿಸಿದ್ದಾರೆ. 1944–45ರ ಚಳಿಗಾಲದಲ್ಲಿ ನಾಜಿಗಳ ದಿಗ್ಬಂಧನದಿಂದ ಹಾಲೆಂಡಿನ ನಗರಗಳಲ್ಲಿ ಪಡಿತರ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿದಾಗ ಅಸಂಖ್ಯ ಹೆಂಗಸರ ಮುಟ್ಟು ನಿಂತಿತು. ಒಂಬತ್ತು ತಿಂಗಳ ಮೇಲೆ ಹೆರಿಗೆಗಳು ತೀರಾ ಕಡಿಮೆಯಾದವು. ರೇಷನ್ ಮತ್ತೆ ಸಿಕ್ಕಾಗ ಹೆರಿಗೆಗಳೂ ಮತ್ತೆ ಏರಿದವು. ಹೊಟ್ಟೆಗಿಲ್ಲದೆ ಉಣ್ಣದಿರುವುದಕ್ಕೂ ಬ್ಲೌಸ್ ಹಿಡಿಸಲೆಂದು ಉಣ್ಣದಿರುವುದಕ್ಕೂ ನಡುವಿನ ವ್ಯತ್ಯಾಸ ಹೈಪೊಥಲಾಮಸ್‌ಗೆ ಗೊತ್ತಾಗುವುದಿಲ್ಲ.

ಹಾಗಾದರೆ ಎಷ್ಟು ತೂಕ ಇಳಿದರೆ ಮುಟ್ಟು ನಿಲ್ಲುತ್ತದೆ? ಈ ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿದ್ದು. ದಾರಿ ತಪ್ಪಿದ್ದಕ್ಕೆ ವಿಜ್ಞಾನವೂ ಪಾಲುದಾರ. 1974ರಲ್ಲಿ ರೋಸ್ ಫ್ರಿಶ್ ಮತ್ತು ಜ್ಯಾನೆಟ್ ಮೆಕಾರ್ಥರ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕಿಯರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಮುಂದಿಟ್ಟರು: ಮೈನೆರೆಯಲು ದೇಹದಲ್ಲಿ ಶೇ 17ರಷ್ಟು, ಮುಟ್ಟು ಸರಿಯಾಗಿ ನಡೆದುಕೊಂಡು ಹೋಗಲು ಶೇ 22ರಷ್ಟು ಕೊಬ್ಬು ಬೇಕು. ಮುಟ್ಟಿಗೂ ಆಹಾರಕ್ಕೂ ನಂಟಿದೆ ಎಂದು ಜಗತ್ತಿನ ಗಮನ ಸೆಳೆದ ಕೆಲಸ ಅದು. ಆದರೆ ಅಂಕಿ ಗಟ್ಟಿಯಾಗಿ ನಿಲ್ಲಲಿಲ್ಲ. ಅಷ್ಟು ಕೊಬ್ಬಿಲ್ಲದೆಯೂ ತಿಂಗಳು ತಿಂಗಳು ಮುಟ್ಟಾಗುವ ಓಟಗಾರ್ತಿಯರು ಸಿಕ್ಕಿದರು. ಅದಕ್ಕಿಂತ ಹೆಚ್ಚಿದ್ದೂ ಮುಟ್ಟು ನಿಂತವರೂ ಸಿಕ್ಕಿದರು.

ಒಗಟನ್ನು ಬಹುಮಟ್ಟಿಗೆ ಬಿಡಿಸಿದವರು ಒಹಾಯೊ ವಿಶ್ವವಿದ್ಯಾಲಯದ ಆನ್ ಲೌಕ್ಸ್. ಮುಟ್ಟು ಕ್ರಮವಾಗಿ ಆಗುತ್ತಿದ್ದ ಆರೋಗ್ಯವಂತ ಯುವತಿಯರನ್ನು ಕೂಡಿಸಿಕೊಂಡು, ಬರೀ ಐದು ದಿನ ಅವರ ಆಹಾರವನ್ನೂ ವ್ಯಾಯಾಮವನ್ನೂ ಅಳತೆಯಲ್ಲಿಟ್ಟು, ರಕ್ತದಲ್ಲಿ ಎಲ್‌ಎಚ್ ಮಿಡಿತಗಳನ್ನು ಎಣಿಸಿದರು. ವ್ಯಾಯಾಮ ಎಷ್ಟೇ ಮಾಡಿದರೂ ಅದಕ್ಕೆ ತಕ್ಕ ಊಟ ಸಿಕ್ಕರೆ ಮಿಡಿತ ಕೆಡಲಿಲ್ಲ. ಊಟ ಸಾಲದೆ ಹೋದರೆ ಕೆಟ್ಟಿತು. 2003ರಲ್ಲಿ ಅವರ ತಂಡ ಒಂದು ಗಡಿಯನ್ನೂ ತೋರಿಸಿತು. ದಿನಕ್ಕೆ ತಿಂದ ಕ್ಯಾಲೊರಿಯಲ್ಲಿ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದು, ಉಳಿದದ್ದನ್ನು ಕೊಬ್ಬು ಬಿಟ್ಟು ಬಾಕಿ ದೇಹದ ತೂಕದಿಂದ ಭಾಗಿಸಬೇಕು. ಬರುವ ಉತ್ತರ 45ರ ಆಸುಪಾಸಿನಲ್ಲಿದ್ದರೆ ಕ್ಷೇಮ, 30ಕ್ಕಿಂತ ಕೆಳಗಿಳಿದರೆ ಮಿಡಿತಗಳು ತಪ್ಪಲು ಶುರು. ಈ 30 ಎಂಬುದು ಎಲ್ಲರಿಗೂ ಒಂದೇ ಕಡೆ ಎಳೆದ ಗೆರೆಯಲ್ಲ, ಇಳಿಜಾರು ಎಂದು ನಂತರದ ಅಧ್ಯಯನಗಳು ತಿದ್ದಿವೆ. ಒಬ್ಬಳು ಮೇಲೆಯೇ ಜಾರಬಹುದು, ಇನ್ನೊಬ್ಬಳು ಕೆಳಗಿನ ತನಕ ತಡೆದುಕೊಳ್ಳಬಹುದು.

ಈ ಲೆಕ್ಕವನ್ನು ನಮ್ಮ ಊರಿನ ಹುಡುಗಿಯೊಬ್ಬಳಿಗೆ ಹಾಕಿ ನೋಡೋಣ. ತೂಕ 55 ಕೆ.ಜಿ., ಅದರಲ್ಲಿ ಕೊಬ್ಬು 15 ಕೆ.ಜಿ. ಉಳಿದದ್ದು 40. ಮೊಬೈಲ್ ಆ್ಯಪ್‌ಗಳೂ ವಾಟ್ಸ್‌ಆ್ಯಪ್ ಡಯಟ್ ಚಾರ್ಟುಗಳೂ ಹೆಂಗಸರಿಗೆ ಕಣ್ಣುಮುಚ್ಚಿ ಹಂಚುವ ಅಂಕಿ 1200 ಕ್ಯಾಲೊರಿ. ಅದನ್ನು 40ರಿಂದ ಭಾಗಿಸಿದರೆ ಸರಿಯಾಗಿ 30. ಎಂದರೆ ಏನೂ ವ್ಯಾಯಾಮ ಮಾಡದೆ ಮನೆಯಲ್ಲಿ ಕೂತರೂ ಅವಳು ಆಗಲೇ ಅಂಚಿಗೆ ಬಂದಿದ್ದಾಳೆ. ಸಂಜೆ ಜಿಮ್‌ನಲ್ಲಿ 300 ಕ್ಯಾಲೊರಿ ಸುಟ್ಟಳೋ, ಉಳಿಯುವುದು 900. ಭಾಗಿಸಿದರೆ ಇಪ್ಪತ್ತೆರಡೂವರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ಕೂತು ಕೆಲಸ ಮಾಡುವ 55 ಕೆ.ಜಿ. ತೂಕದ ಹೆಂಗಸಿಗೇ ದಿನಕ್ಕೆ ಸುಮಾರು 1660 ಕ್ಯಾಲೊರಿ ಬೇಕು, ಮಧ್ಯಮ ದುಡಿಮೆ ಇದ್ದರೆ 2130. ಇಷ್ಟು ಅಂತರವನ್ನು ತಿಂಗಳುಗಟ್ಟಲೆ ಕಾಯ್ದುಕೊಂಡವಳನ್ನು ನಾವು ಶಿಸ್ತಿನವಳು ಎಂದು ಹೊಗಳುತ್ತೇವೆ.

ಇವಳ ತೂಕ ಚಾರ್ಟಿನ ಪ್ರಕಾರ ಸರಿಯಾಗಿಯೇ ಇರಬಹುದು. ‘ನೀನೇನು ಅಷ್ಟು ಸಣ್ಣಗಿಲ್ಲವಲ್ಲ’ ಎಂದು ವೈದ್ಯರೂ ಅಂದುಬಿಡುವ ಸಂಭವ ಇದೆ. 80 ಕೆ.ಜಿ.ಯಿಂದ 60ಕ್ಕೆ ಸರಸರನೆ ಇಳಿದವಳ ಮುಟ್ಟೂ ನಿಲ್ಲಬಹುದು. ದೇಹಕ್ಕೆ ಈಗ ಎಷ್ಟು ಸಿಗುತ್ತಿದೆ, ಎಷ್ಟು ಬೇಗ ಕಡಿಮೆಯಾಯಿತು ಎಂಬುದು ತಕ್ಕಡಿಯಲ್ಲಿ ಕಾಣುವುದಿಲ್ಲ. ಜೊತೆಗೆ ಮನಸ್ಸಿನ ಭಾರವನ್ನೂ ಇದೇ ಹೈಪೊಥಲಾಮಸ್ ಹೊರುತ್ತದೆ. ಕಂಪನಿಯ ರಾತ್ರಿ ಪಾಳಿ, ಸಿಇಟಿ–ನೀಟ್ ಓದು, ಹಾಸ್ಟೆಲಿನ ಬೇಡದ ಊಟ, ಮುರಿದ ನೆಂಟಸ್ತಿಕೆ ಇವೆಲ್ಲ ಕಡಿಮೆ ಊಟದ ಜೊತೆ ಸೇರಿದರೆ ಒಂದೊಂದೇ ಇದ್ದಾಗ ಆಗದ್ದು ಆಗುತ್ತದೆ.

ಮುಟ್ಟು ನಿಲ್ಲುವ ಮೊದಲೇ ದೇಹ ಬೇರೆ ಬೇರೆ ಕಡೆ ಖರ್ಚು ಬಿಗಿ ಮಾಡಿರುತ್ತದೆ. ಎಲ್ಲರೂ ಫ್ಯಾನ್ ಹಾಕಿಕೊಂಡಿರುವಾಗ ಇವಳಿಗೆ ಮಾತ್ರ ಕೈಕಾಲು ತಣ್ಣಗೆ. ಬಾಚಣಿಗೆ ತುಂಬ ಕೂದಲು. ಮಲಬದ್ಧತೆ. ನಸುಕಿನ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆಯಿಲ್ಲ. ನಾಡಿ ನಿಧಾನ. ದಿನವಿಡೀ ತಲೆಯಲ್ಲಿ ತಿಂಡಿಯದೇ ಯೋಚನೆ, ತಾನು ಮುಟ್ಟದ ಅಡುಗೆಗಳ ರೀಲ್ಸ್ ನೋಡುವ ಗೀಳು. ಕೂದಲಿಗೆ ಚರ್ಮದ ಡಾಕ್ಟರು, ಸುಸ್ತಿಗೆ ಬಿ12 ಇಂಜೆಕ್ಷನ್, ಮಲಬದ್ಧತೆಗೆ ಇಸಬ್‌ಗೋಲ್ ಎಂದು ಮೂರು ಕಡೆ ಮೂರು ಚೀಟಿ ಹರಿಯುತ್ತದೆ. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡುವವರು ಇಲ್ಲ.

ಹಾಗೆಂದು ಮುಟ್ಟು ನಿಂತದ್ದಕ್ಕೆಲ್ಲ ಊಟವೇ ಕಾರಣ ಎಂದು ಮನೆಯಲ್ಲೇ ತೀರ್ಮಾನಿಸಿಕೊಳ್ಳುವುದೂ ತಪ್ಪು. ಇದು ಬೇರೆಲ್ಲ ಕಾರಣಗಳನ್ನು ತಳ್ಳಿಹಾಕಿದ ಮೇಲೆ ಉಳಿಯುವ ರೋಗನಿರ್ಣಯ. ಮುಟ್ಟುಗಳ ನಡುವಿನ ಅಂತರ ಮತ್ತೆ ಮತ್ತೆ 45 ದಿನ ದಾಟುತ್ತಿದ್ದರೆ, ಇಲ್ಲವೇ ಮೂರು ತಿಂಗಳು ಆಗಿಯೇ ಇಲ್ಲದಿದ್ದರೆ, ಪರೀಕ್ಷೆ ಮಾಡಿಸಬೇಕು ಎಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಹೇಳುತ್ತದೆ. ಮೊದಲು ಗರ್ಭ ಪರೀಕ್ಷೆ. ಆಮೇಲೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರೊಜೆನ್. ಆರು ತಿಂಗಳು ದಾಟಿದ್ದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ತಲೆನೋವು, ದೃಷ್ಟಿ ಮಂಜಾಗುವುದು, ಎದೆಯಿಂದ ಹಾಲಿನಂಥ ದ್ರವ ಬರುವುದು ಇದ್ದರೆ ಕಾಯುತ್ತ ಕೂರಲೇಬಾರದು.

ನಮ್ಮಲ್ಲಿ ಎಡವಟ್ಟಾಗುವುದು ಸ್ಕ್ಯಾನಿಂಗ್ ಕೋಣೆಯಲ್ಲಿ. ಅಪ್ಪಣೆಯಿಲ್ಲದೆ ಸುಮ್ಮನೆ ಕೂತ ಅಂಡಾಶಯದಲ್ಲಿ ಅರೆಬೆಳೆದ ಸಣ್ಣ ಕೋಶಿಕೆಗಳು ಸಾಲುಗಟ್ಟಿ ಕಾಣುವುದುಂಟು. ಹರೆಯದ ಆರೋಗ್ಯವಂತ ಹುಡುಗಿಯರಲ್ಲೂ ಹಾಗೆ ಕಾಣುತ್ತದೆ. ಅದಕ್ಕೇ ಮೊದಲ ಮುಟ್ಟಾಗಿ ಎಂಟು ವರ್ಷ ತುಂಬುವ ತನಕ ಸ್ಕ್ಯಾನ್ ಆಧಾರದ ಮೇಲೆ ಪಿಸಿಒಎಸ್ (ಜನ ಪಿಸಿಒಡಿ ಎನ್ನುವುದು ಇದನ್ನೇ) ಎನ್ನಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಆದರೆ ವರದಿಯಲ್ಲಿ ‘ಪಾಲಿಸಿಸ್ಟಿಕ್’ ಎಂಬ ಪದ ಬಿದ್ದರೆ ಸಾಕು, ಪಿಸಿಒಡಿ ಎಂಬ ಚೀಟಿ ಅಂಟಿಕೊಳ್ಳುತ್ತದೆ, ಬೆನ್ನಿಗೇ ಬುದ್ಧಿವಾದ ಬರುತ್ತದೆ: ‘ಇನ್ನೂ ಸ್ವಲ್ಪ ತೂಕ ಇಳಿಸಿ, ಅನ್ನ–ಸಿಹಿ ಬಿಡಿ.’ ನಿಜವಾದ ಪಿಸಿಒಎಸ್ ಇದ್ದು ತೂಕ ಹೆಚ್ಚಿರುವವಳಿಗೆ ಈ ಮಾತು ಮದ್ದು. ಉಣ್ಣದೆ ಮುಟ್ಟು ನಿಂತವಳಿಗೆ ಇದೇ ವಿಷ. ಎರಡನ್ನೂ ಬೇರ್ಪಡಿಸುವುದು ಅಷ್ಟೇನೂ ಕಷ್ಟವಲ್ಲ. ಪಿಸಿಒಎಸ್‌ನಲ್ಲಿ ಸಾಮಾನ್ಯವಾಗಿ ಪುರುಷ ಚೋದಕಗಳು ಹೆಚ್ಚಿ ಮೊಡವೆ, ಗಲ್ಲದ ಮೇಲೆ ಕೂದಲು ಕಾಣಿಸುತ್ತವೆ, ಎಲ್‌ಎಚ್ ಮೇಲಿರುತ್ತದೆ, ಗರ್ಭಕೋಶದ ಪದರ ದಪ್ಪಗಿರುತ್ತದೆ. ಊಟ ಸಾಲದವಳಲ್ಲಿ ಎಲ್‌ಎಚ್, ಈಸ್ಟ್ರೊಜೆನ್ ಎರಡೂ ಕೆಳಗೆ, ಪದರ ತೆಳ್ಳಗೆ. ಎಲ್ಲಕ್ಕಿಂತ ಮುಖ್ಯವಾಗಿ ಮುಟ್ಟು ಕೆಟ್ಟದ್ದು ತೂಕ ಏರಿದ ಮೇಲೋ ಇಳಿಸಿದ ಮೇಲೋ ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕೇಳಲು ಎರಡು ನಿಮಿಷ ಬೇಕು. ಹೊರರೋಗಿಗಳ ಸರತಿಯಲ್ಲಿ ಆ ಎರಡು ನಿಮಿಷ ಸಿಗುವುದು ಅಪರೂಪ ಎಂಬುದೂ ನಿಜ.

ಇನ್ನು ಮಾತ್ರೆಗಳ ಮಾತು. ಐದು–ಹತ್ತು ದಿನ ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ನುಂಗಿ ನಿಲ್ಲಿಸಿದರೆ ಒಳಪದರ ಬೆಳೆದಿದ್ದವರಿಗೆ ರಕ್ತಸ್ರಾವ ಆಗುತ್ತದೆ. ‘ಮಾತ್ರೆ ತಗೊಂಡ್ರೆ ಬರತ್ತೆ, ಬಿಟ್ರೆ ಇಲ್ಲ’ ಎಂದು ಎಷ್ಟೋ ಹುಡುಗಿಯರು ಹೇಳುವುದು ಇದನ್ನೇ. ಈಸ್ಟ್ರೊಜೆನ್ ತೀರಾ ಇಳಿದವಳಿಗೆ ಮಾತ್ರೆಯಿಂದಲೂ ಬರುವುದಿಲ್ಲ, ಏಕೆಂದರೆ ಉದುರಲು ಪದರವೇ ಬೆಳೆದಿಲ್ಲ. ಅದು ವೈದ್ಯರಿಗೆ ಒಳ್ಳೆಯ ಸುಳಿವು. ಗರ್ಭನಿರೋಧಕ ಗುಳಿಗೆ ತಿಂಗಳು ತಿಂಗಳು ಲೆಕ್ಕ ಹಾಕಿದಂತೆ ರಕ್ತ ತರಿಸುತ್ತದೆ. ಆದರೆ ಅದು ಗುಳಿಗೆ ಬಿಟ್ಟ ದಿನಗಳ ಸ್ರಾವ. ಮಿದುಳು ಮಲಗಿಯೇ ಇರುತ್ತದೆ, ಗುಳಿಗೆ ಅದನ್ನು ಇನ್ನೂ ಆಳವಾಗಿ ಮಲಗಿಸುತ್ತದೆ, ಒಳಗಿನ ತೊಂದರೆಗೆ ಪರದೆ ಬೀಳುತ್ತದೆ. ಮುಟ್ಟು ತರಿಸಲೆಂದೋ ಮೂಳೆ ಕಾಪಾಡಲೆಂದೋ ಮಾತ್ರ ಇವರಿಗೆ ಗುಳಿಗೆ ಕೊಡಬೇಡಿ ಎಂದು 2017ರ ಮಾರ್ಗಸೂಚಿ ಹೇಳುವುದು ಇದಕ್ಕೇ. ಬಸಿರು ತಡೆಯಲು ಬೇಕೆಂದರೆ ಆ ಮಾತು ಬೇರೆ. ಗೃಹಪ್ರವೇಶಕ್ಕೆ ಮುಟ್ಟನ್ನು ಮುಂದಕ್ಕೆ ತಳ್ಳುವ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಿಂದ ತರಿಸಿ ನುಂಗುವುದು ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಮುಟ್ಟು ಕ್ಯಾಲೆಂಡರಿನಲ್ಲಿ ಬೇಕಾದಂತೆ ಜರುಗಿಸಬಹುದಾದ ತಾರೀಖು ಎಂಬ ಭಾವನೆಯೇ ಬೇರೂರಿದೆ. ನಿಂತದ್ದನ್ನೂ ಹಾಗೆಯೇ ಎಳೆದು ತರಬಹುದು ಎಂಬ ನಂಬಿಕೆ ಅದರ ತಂಗಿ.

ನಿಂತರೆ ನಿಲ್ಲಲಿ, ಮಗು ಬೇಕಾದಾಗ ನೋಡಿಕೊಂಡರಾಯಿತು ಎನ್ನುವವರೂ ಇದ್ದಾರೆ. ಅವರಿಗೆ ಗೊತ್ತಿರಬೇಕಾದದ್ದು ಮೂಳೆಯ ವಿಷಯ. ಮೂಳೆಯ ಬಹುಪಾಲು ಗಟ್ಟಿತನ ಇಪ್ಪತ್ತರ ಆಸುಪಾಸಿಗೇ ಕೂಡಿಟ್ಟಾಗಿರುತ್ತದೆ, ಮೂವತ್ತರ ಹೊತ್ತಿಗೆ ಖಾತೆ ಮುಚ್ಚುತ್ತದೆ. ಈಸ್ಟ್ರೊಜೆನ್ ಇಲ್ಲದ ಒಂದೊಂದು ವರ್ಷವೂ ಕೂಡಿಡಬೇಕಾದ ವಯಸ್ಸಿನಲ್ಲಿ ಕಳೆದುಕೊಳ್ಳುವ ವರ್ಷ. ಮುಟ್ಟು ನಿಂತೂ ಓಡುವುದನ್ನು ಬಿಡದ ಓಟಗಾರ್ತಿಯರಲ್ಲಿ ಮೊಣಕಾಲ ಕೆಳಗಿನ ಮೂಳೆ, ಪಾದದ ಮೂಳೆ ಕೂದಲೆಳೆಯಷ್ಟು ಬಿರುಕು ಬಿಡುವುದು ಸಾಮಾನ್ಯ. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ತಿನ್ನಬೇಕು. ವಿಟಮಿನ್ ಡಿ ಕಡಿಮೆಯಿದ್ದರೆ ಸರಿಪಡಿಸಿಕೊಳ್ಳಬೇಕು. ಆದರೆ ಇವೆರಡೂ ಈಸ್ಟ್ರೊಜೆನ್ ಮಾಡುವ ಕೆಲಸ ಮಾಡಲಾರವು. ಊಟ ಸರಿಪಡಿಸಿಯೂ ತಿಂಗಳುಗಟ್ಟಲೆ ಮುಟ್ಟು ಬರದಿದ್ದರೆ ವೈದ್ಯರು ಚರ್ಮದ ಮೂಲಕ ಇಳಿಯುವ ಈಸ್ಟ್ರೊಜೆನ್ ಪಟ್ಟಿ ಅಥವಾ ಜೆಲ್ ಅನ್ನು, ಜೊತೆಗೆ ಆಗಾಗ ಪ್ರೊಜೆಸ್ಟರಾನ್ ಅನ್ನು, ಸ್ವಲ್ಪ ಕಾಲ ಕೊಡುವುದುಂಟು. ಬಾಯಿಂದ ನುಂಗಿದ ಗುಳಿಗೆ ಯಕೃತ್ತನ್ನು ಹಾಯ್ದು ಹೋಗುವಾಗ ಮೂಳೆಗೆ ಬೇಕಾದ ಐಜಿಎಫ್–1 ಎಂಬ ಅಂಶವನ್ನು ತಗ್ಗಿಸುತ್ತದೆ. ಚರ್ಮದ ದಾರಿಯಲ್ಲಿ ಆ ನಷ್ಟವಿಲ್ಲ.

ಮರಳಿ ಬರುವ ದಾರಿ ಸರಳ, ನಡೆಯುವುದು ಕಷ್ಟ. ಹೆಚ್ಚು ಉಣ್ಣಬೇಕು, ಕಡಿಮೆ ಸುಡಬೇಕು, ಕಾಯಬೇಕು. 2001ರಲ್ಲಿ ನ್ಯಾನ್ಸಿ ವಿಲಿಯಮ್ಸ್ ಮತ್ತು ಸಂಗಡಿಗರು ಓಡಿಸಿ ಓಡಿಸಿ ಮುಟ್ಟು ನಿಂತ ಕೋತಿಗಳಿಗೆ ಓಟವನ್ನು ಹಾಗೇ ಇಟ್ಟು ಊಟ ಮಾತ್ರ ಹೆಚ್ಚಿಸಿದರು. ಮುಟ್ಟು ಮರಳಿತು, ಹೆಚ್ಚು ತಿಂದ ಕೋತಿಗೆ ಬೇಗ ಮರಳಿತು. ಮನುಷ್ಯರಲ್ಲಿ ಮೇರಿ ಜೇನ್ ಡಿಸೋಜಾ ಅವರ ತಂಡ ಇದನ್ನೇ ಒಂದು ವರ್ಷ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿತು. ವ್ಯಾಯಾಮ ಮಾಡುತ್ತ ಮುಟ್ಟು ತಪ್ಪಿದ ಯುವತಿಯರು ದಿನಕ್ಕೆ ಸುಮಾರು 300ರಿಂದ 350 ಕ್ಯಾಲೊರಿ ಹೆಚ್ಚು ತಿಂದಾಗ, ಇದ್ದ ಹಾಗೇ ಇದ್ದವರಿಗಿಂತ ಅವರಲ್ಲಿ ಮುಟ್ಟು ಮರಳುವ ಸಾಧ್ಯತೆ ಹೆಚ್ಚಾಯಿತು. ಅಡುಗೆಮನೆಯ ಲೆಕ್ಕದಲ್ಲಿ 300 ಕ್ಯಾಲೊರಿ ಎಂದರೆ ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ, ಬಿಸಿ ಅನ್ನದ ಮೇಲೊಂದು ಚಮಚ ತುಪ್ಪ. ತೀರಾ ಕಡಿಮೆ ತಿನ್ನುತ್ತಿದ್ದವಳಿಗೆ ಅಷ್ಟು ಸಾಲದು, ಬಿಟ್ಟ ಅನ್ನ, ಬಿಟ್ಟ ತಿಂಡಿ ಎಲ್ಲವೂ ತಟ್ಟೆಗೆ ವಾಪಸ್ ಬರಬೇಕು. ಬೆಳಿಗ್ಗೆ ಏನೂ ತಿನ್ನದೆ ಜಿಮ್‌ಗೆ ಹೋಗುವುದು, ಹದಿನಾರು ಗಂಟೆ ಉಪವಾಸ, ಕೀಟೋ, ಏಕಾದಶಿ ಸದ್ಯಕ್ಕೆ ಬೇಡ.

ಮನೆಮದ್ದಿನ ಪಟ್ಟಿಯಲ್ಲಿ ಎಳ್ಳು–ಬೆಲ್ಲ, ಪರಂಗಿಹಣ್ಣು ಇದ್ದೇ ಇರುತ್ತವೆ. ಉಷ್ಣವಾಗಿ ಮುಟ್ಟು ಬರುತ್ತದೆ ಎಂಬುದು ನಂಬಿಕೆ. ಪರಂಗಿಯಿಂದ ಏನೂ ಆಗದು. ಎಳ್ಳುಂಡೆಯ ಬಗ್ಗೆ ಮಾತ್ರ ನನಗೆ ಮೆಚ್ಚುಗೆಯಿದೆ, ಕಾರಣ ಉಷ್ಣವಲ್ಲ, ಅದರಲ್ಲಿ ಭರ್ತಿ ಇರುವ ಎಣ್ಣೆ ಮತ್ತು ಸಕ್ಕರೆ. ಮೈನೆರೆದ ಹುಡುಗಿಯನ್ನು ಕೂರಿಸಿ ಚಿಗಳಿ, ಕೊಬ್ಬರಿ–ಬೆಲ್ಲ, ತುಪ್ಪ ತಿನ್ನಿಸುತ್ತಿದ್ದ ಅಜ್ಜಿಯರು ಲೆಪ್ಟಿನ್ ಹೆಸರು ಕೇಳಿದವರಲ್ಲ. ಅವರ ಮಡಿ–ಮೈಲಿಗೆ ಹಾಗಿರಲಿ, ಆ ತಟ್ಟೆಯ ಬಗ್ಗೆ ತಕರಾರಿಲ್ಲ. ರಾತ್ರಿ ಊಟದ ಬದಲಿಗೆ ಒಂದು ಎಳ್ಳುಂಡೆ ಎಂದು ಲೆಕ್ಕ ಹಾಕದಿದ್ದರೆ ಸರಿ.

ತಲೆಯಲ್ಲಿ ಕೂತ ಲೆಕ್ಕವೇ ಇಲ್ಲಿ ದೊಡ್ಡ ತೊಡಕು. ತೂಕ ಏರಬೇಕು ಎಂದು ವೈದ್ಯರು ಹೇಳಿದ ಕ್ಷಣ ಎಷ್ಟೋ ಹುಡುಗಿಯರ ಮುಖ ಬಿಳಿಚಿಕೊಳ್ಳುತ್ತದೆ. ಸಾರಾ ಬರ್ಗಾ ಅವರ ತಂಡ 2003ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದು ಇದಕ್ಕೆ ಸಂಬಂಧಿಸಿದ್ದು. ತೂಕ ಸರಿಯಾಗಿಯೇ ಇದ್ದು ಮುಟ್ಟು ನಿಂತಿದ್ದ 16 ಹೆಂಗಸರಲ್ಲಿ 8 ಮಂದಿಗೆ ಊಟ, ದೇಹ, ಒತ್ತಡಗಳ ಬಗೆಗಿನ ಯೋಚನೆಯ ಜಾಡನ್ನು ತಿದ್ದುವ ಆಪ್ತಸಮಾಲೋಚನೆ ಕೊಟ್ಟರು. 20 ವಾರಗಳಲ್ಲಿ 7 ಮಂದಿಯ ಅಂಡಾಶಯ ಮತ್ತೆ ಕೆಲಸ ಶುರುಮಾಡಿತು. ಸುಮ್ಮನೆ ಗಮನಿಸಿದ ಇನ್ನೊಂದು ಗುಂಪಿನಲ್ಲಿ ಹಾಗಾದದ್ದು ಇಬ್ಬರಿಗೆ. ಗುಂಪು ಚಿಕ್ಕದು, ನಿಜ. ಆದರೂ ಮಾತಿನಿಂದ ಹೈಪೊಥಲಾಮಸ್ ಎಚ್ಚರವಾಯಿತು ಎಂಬುದು ಸಣ್ಣ ಸಂಗತಿಯಲ್ಲ. ತಿಂದ ಮೇಲೆ ಅಪರಾಧ ಮಾಡಿದಂತೆ ಅನ್ನಿಸುವುದು, ಕದ್ದು ತಿಂದು ವಾಂತಿ ಮಾಡುವುದು, ಯಾರೆದುರೂ ಊಟಕ್ಕೆ ಕೂರದಿರುವುದು ಕಂಡರೆ ಮನೋವೈದ್ಯರ ನೆರವು ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಚಿಕಿತ್ಸೆಯಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ತೀರಾ ಬಡಕಲಾದವಳಿಗೆ ಒಮ್ಮೆಲೇ ಭರ್ತಿ ಊಟ ಹಾಕುವುದು ರಕ್ತದ ಲವಣಾಂಶಗಳನ್ನು ಏರುಪೇರು ಮಾಡಿ ಜೀವಕ್ಕೇ ಎರವಾಗಬಹುದು. ಅಂಥವರ ಊಟ ವೈದ್ಯರ ಕಣ್ಣೆದುರೇ ಹಂತಹಂತವಾಗಿ ಏರಬೇಕು.

ಎಷ್ಟು ತೂಕಕ್ಕೆ ಮರಳುತ್ತದೆ, ಎಷ್ಟು ದಿನ ಬೇಕು ಎಂದು ಎಲ್ಲರೂ ಕೇಳುತ್ತಾರೆ. ತೂಕ ಏರೀತೆಂದು ಹೆದರಿ ಊಟ ಬಿಡುವ ಅನೊರೆಕ್ಸಿಯಾ ಕಾಯಿಲೆ ಇದ್ದ 100 ಹುಡುಗಿಯರನ್ನು ಹಿಂಬಾಲಿಸಿ ನೆವಿಲ್ ಗೋಲ್ಡನ್ ಮತ್ತಿತರರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟು ಮರಳಿದಾಗಿನ ತೂಕ ಅದು ನಿಂತಾಗಿನ ತೂಕಕ್ಕಿಂತ ಸರಾಸರಿ 2 ಕೆ.ಜಿ. ಹೆಚ್ಚಿತ್ತು. ಎಂದರೆ ನಿಂತ ಜಾಗಕ್ಕೆ ವಾಪಸ್ ಬಂದರೆ ಸಾಲದು, ದೇಹ ನಂಬಲು ಇನ್ನೊಂದಿಷ್ಟು ಕೇಳುತ್ತದೆ. ಕೆಲವರಿಗೆ ಎರಡು ತಿಂಗಳು, ಕೆಲವರಿಗೆ ತೂಕ ಸರಿಯಾದ ಮೇಲೂ ಆರೇಳು ತಿಂಗಳು. ಈ ಕಾಯುವಿಕೆಯಲ್ಲಿ ‘ತಿಂದೂ ಬರಲಿಲ್ಲ, ದಪ್ಪಗಾದದ್ದೇ ಬಂತು’ ಎಂದು ಮತ್ತೆ ಡಯಟ್‌ಗೆ ಜಾರುವವರು ಹೆಚ್ಚು. ಲೆಪ್ಟಿನ್ನನ್ನೇ ಚುಚ್ಚಿಬಿಟ್ಟರೆ ಆಗದೇ ಎಂಬ ಪ್ರಯತ್ನವೂ ನಡೆದಿದೆ. 2004ರಲ್ಲಿ ವರದಿಯಾದ ಪ್ರಯೋಗದಲ್ಲಿ ಎಲ್‌ಎಚ್ ಮಿಡಿತಗಳು ಚೇತರಿಸಿಕೊಂಡವು, ಕೆಲವರಲ್ಲಿ ಅಂಡವೂ ಬಿಡುಗಡೆಯಾಯಿತು. ಜೊತೆಗೆ ಹಸಿವು ಇಂಗಿ ಇದ್ದ ತೂಕವೂ ಇಳಿಯಿತು! ಆ ದಾರಿಯನ್ನು ಚಿಕಿತ್ಸೆಯಾಗಿ ಯಾರೂ ಶಿಫಾರಸು ಮಾಡುವುದಿಲ್ಲ.

ಮುಟ್ಟಿಗಿಂತ ಮೊದಲು ಬೇರೆ ಗುರುತುಗಳು ಬರುತ್ತವೆ. ಕೈ ಬೆಚ್ಚಗಾಗುತ್ತದೆ, ನಿದ್ದೆ ಕೂಡುತ್ತದೆ, ಒಣಗಿದ್ದ ಜಾಗದಲ್ಲಿ ಮೊಟ್ಟೆಯ ಬಿಳಿಯಂಥ ಲೋಳೆ ಕಾಣಿಸುತ್ತದೆ, ಎದೆ ಬಿಗಿಯಾಗುತ್ತದೆ. ಅಂಡ ಬಿಡುಗಡೆಯಾಗುವುದು ಸ್ರಾವಕ್ಕಿಂತ ಎರಡು ವಾರ ಮುಂಚೆಯಾದ್ದರಿಂದ, ಮುಟ್ಟು ಇನ್ನೂ ಬಂದಿಲ್ಲ ಎಂದು ನಿಶ್ಚಿಂತೆಯಿಂದಿದ್ದವರು ಬಸಿರಾಗುವುದುಂಟು. ಬಸಿರು ಬೇಡದವರು ಇದನ್ನು ಮೊದಲೇ ತಿಳಿದಿರಬೇಕು. ಮೊದಲ ಒಂದೆರಡು ಸಲ ಸ್ರಾವ ಚುಕ್ಕೆಯಷ್ಟೇ ಇರಬಹುದು, ಮುಂದಿನದು ಐವತ್ತು ದಿನಕ್ಕೆ ಬರಬಹುದು. ಅದು ಮತ್ತೆ ಕೆಟ್ಟಿತು ಎಂದರ್ಥವಲ್ಲ. ಓಟ, ಜಿಮ್ ಮತ್ತೆ ಶುರುಮಾಡುವ ಆಸೆಯಿದ್ದವರು ಎರಡು ಮೂರು ತಿಂಗಳು ಮುಟ್ಟು ನೆಟ್ಟಗೆ ಬರಲು ಬಿಟ್ಟು, ಆಮೇಲೆ ಒಂದೊಂದೇ ದಿನ ಹೆಚ್ಚಿಸಿಕೊಳ್ಳಲಿ, ಪ್ರತಿ ಓಟದ ದಿನದ ತಟ್ಟೆಯಲ್ಲೂ ಆ ಓಟದ ಪಾಲಿನ ಊಟ ಇರಲಿ. ಇಷ್ಟೆಲ್ಲ ಮಾಡುವಾಗ ಒಂದು ದಿನ ಯಾವುದೋ ನಾಮಕರಣದಲ್ಲಿ ಅದೇ ಚಿಕ್ಕಮ್ಮ ಸಿಕ್ಕು ‘ಸ್ವಲ್ಪ ದಪ್ಪಗಾದೆ ಅಲ್ವಾ’ ಎನ್ನುತ್ತಾರೆ. ಹೌದು ಚಿಕ್ಕಮ್ಮ, ಡಾಕ್ಟ್ರೇ ಹೇಳಿದ್ದು ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಬಹುದು.